ನಾಲ್ಕು ದಿನ, ಹಲವು ಧರ್ಮದ ಕ್ಷೇತ್ರಗಳು: ಎಲ್ಲಿಗೆ ಹೋಗಬೇಕು, ಹೇಗೆ ಹೋಗಬೇಕು?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಈ ಸಲ ರಜೆಯಲ್ಲಿ ನಾನು, ನಮ್ಮ ಅವ್ವ, ನನ್ನ ಮಗಳು ಮೂವರೂ ಸೇರಿ ಎಲ್ಲ ಧರ್ಮದ ಪವಿತ್ರ ಕ್ಷೇತ್ರಗಳನ್ನು ನೋಡಿ ಬರಬೇಕು ಅಂತ ಮಾಡಿದ್ದೇವೆ. ಧಾರವಾಡ, ಗದಗ, ಹಾವೇರಿ ಜಿಲ್ಲೆ ಅಷ್ಟೇ. ನಾಲ್ಕು ದಿನಕ್ಕೆ ಹದಿನಾಲ್ಕು ಜಾಗದ ಪಟ್ಟಿ ಮಾಡಿಕೊಂಡಿದ್ದೇನೆ. ಆದರೆ ಅವ್ವನಿಗೆ 72 ವರ್ಷ. "ನಮ್ಮ ದೇವರನ್ನ ಬಿಟ್ಟು ಬೇರೆಯವರ ದೇವರಿಗೆ ಕೈ ಮುಗಿದರ ನಡೀತದೇನು?" ಅಂತ ಕೇಳುತ್ತಾಳೆ. ಮಗಳು ಕಾಲೇಜಿಗೆ ಹೋಗುತ್ತಾಳೆ. "ಅಲ್ಲಿ ಹೋಗಿ ನಾವು ಮಾಡೋದಾದರೂ ಏನು, ಫೋಟೋ ತೆಗೆಸಿಕೊಂಡು ಬರೋದಾ?" ಅಂತಾಳೆ. ಇಬ್ಬರಿಗೂ ನನ್ನ ಹತ್ತಿರ ಉತ್ತರ ಇಲ್ಲ. ದರ್ಗಾ, ಬಸದಿ, ಚರ್ಚಿನ ಒಳಗೆ ನಮ್ಮನ್ನು ಬಿಡುತ್ತಾರಾ? ಹೇಗೆ ನಡೆದುಕೊಳ್ಳಬೇಕು? ದಯವಿಟ್ಟು ತಿಳಿಸಿ.

ಉತ್ತರ:

ಅಕ್ಕಾರೆ, ಮೊದಲು ಆ ಪಟ್ಟಿಯಿಂದ ಅರ್ಧ ಹೊಡೆದು ಹಾಕಿ. ಬೇಜಾರು ಮಾಡಿಕೊಳ್ಳಬೇಡಿ. ಈ ಭಾಗದ ಗುಡಿ, ಬಸದಿ, ದರ್ಗಾ, ಮಠಗಳಿಗೆ ಜನರನ್ನು ಕರೆದುಕೊಂಡು ಓಡಾಡಿ ನನಗೆ ಇಪ್ಪತ್ತು ವರ್ಷ ಆಯಿತು. ಶುರುವಿನಲ್ಲಿ ನಾನೂ ನಿಮ್ಮ ಹಾಗೆಯೇ ಮಾಡಿದೆ. ಒಂದು ಬಸ್ಸು, ನಲವತ್ತು ಜನ, ಎರಡು ದಿನ, ಹನ್ನೊಂದು ಜಾಗ. ಒಂದು ದರ್ಗಾದ ಬಾಗಿಲಲ್ಲಿ ಅಲ್ಲಿನ ಸೇವೆ ನೋಡಿಕೊಳ್ಳುವ ಹಿರಿಯ ಮುಜಾವರರು ಕುಡಿಯುವ ನೀರು ಹಿಡಿದು ನಿಂತಿದ್ದರು. ನಾವು ಚಪ್ಪಲಿ ಬಿಟ್ಟು, ಒಳಗೆ ಹೋಗಿ, ಹತ್ತು ನಿಮಿಷಕ್ಕೆ ಹೊರಗೆ ಬಂದೆವು. "ನೀರಾದರೂ ಕುಡಿದು ಹೋಗ್ರೀ" ಅಂದರು ಅವರು. ಕುಡಿಯಲು ನಮಗೆ ಟೈಮ್ ಇರಲಿಲ್ಲ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಕೊಟ್ಟ ನೀರು ಕುಡಿಯದೆ ಬಂದವರು ಆ ಜಾಗಕ್ಕೆ ಹೋದ ಹಾಗೆ ಹೇಗಾಗುತ್ತದೆ?

ಅಂದಿನಿಂದ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ದಿನಕ್ಕೆ ಎರಡು ಜಾಗ, ಬಹಳ ಆದರೆ ಮೂರು. ಪ್ರತಿ ಜಾಗದಲ್ಲೂ ಅಲ್ಲಿನ ಪೂಜೆಯೋ ಪ್ರಾರ್ಥನೆಯೋ ಒಂದಾದರೂ ನಡೆಯುವ ತನಕ ಕೂರಬೇಕು. ಅಲ್ಲಿಯವರು ಏನಾದರೂ ಕೊಟ್ಟರೆ ತೆಗೆದುಕೊಳ್ಳಬೇಕು. ನೋಡಲು ಹೋದವರು ಗೋಡೆ ನೋಡಿ ಬರುತ್ತಾರೆ. ಬೀಗರ ಹಾಗೆ ಹೋದವರಿಗೆ ಮನೆಯ ಒಳಗಿನದು ಕಾಣುತ್ತದೆ.

ನಿಮ್ಮ ಅವ್ವನ ಪ್ರಶ್ನೆಗೆ ಬರುತ್ತೇನೆ. ಮೂರು ಪ್ರಶ್ನೆಗಳಲ್ಲಿ ಅದೇ ದೊಡ್ಡದು. ದಯವಿಟ್ಟು "ಎಲ್ಲ ದೇವರೂ ಒಂದೇ ಅಲ್ವಾ ಅವ್ವಾ" ಅಂತ ಹೇಳಿ ಅವರ ಬಾಯಿ ಮುಚ್ಚಿಸಬೇಡಿ. ಆ ಮಾತು ನಿಜವೇ ಇರಬಹುದು. ಆದರೆ ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ. ಬಸದಿಯಲ್ಲಿ ಕಾಣುವ ಜಿನ ವರ ಕೊಡುವ ದೇವರಲ್ಲ. ಎಲ್ಲವನ್ನೂ ಬಿಟ್ಟು ಗೆದ್ದವನು. ಮಸೀದಿಯಲ್ಲಿ ಮೂರ್ತಿಯೇ ಇಲ್ಲ. ಸಿದ್ಧಾರೂಢರ ಮಠದಲ್ಲಿ ಗುರುವಿನ ಗದ್ದುಗೆಗೆ ಜನ ಅಡ್ಡ ಬೀಳುತ್ತಾರೆ. ಇವೆಲ್ಲ ಬೇರೆ ಬೇರೆ ಮಾತುಗಳು. ಒಂದೊಂದನ್ನೂ ಅದರದೇ ಧಾಟಿಯಲ್ಲಿ ಕೇಳಿಸಿಕೊಳ್ಳುವುದು ಅದಕ್ಕೆ ಕೊಡುವ ಮರ್ಯಾದೆ.

ಅವ್ವನಿಗೆ ಹೀಗೆ ಹೇಳಿ: ಪೂಜೆ ಮಾಡಲೇಬೇಕು, ಹರಕೆ ಹೊರಲೇಬೇಕು ಅಂತ ಏನಿಲ್ಲ. ಸುಮ್ನೆ ಕೂತರೆ ಸಾಕು. ಪಕ್ಕದ ಮನೆಯ ಮದುವೆಗೆ ಹೋಗಿ ಉಂಡು ಬಂದರೆ ನಮ್ಮ ಮನೆದೇವರು ಮುನಿಸಿಕೊಳ್ಳುವುದಿಲ್ಲವಲ್ಲ.

ಇನ್ನೊಂದು ಕೆಲಸ ಮಾಡಿ. ಹೊರಡುವ ಮುಂಚೆ ಒಂದು ಸಂಜೆ ಅವ್ವನ ಪಕ್ಕ ಕೂತು, ಅವರ ತವರೂರಲ್ಲಿ ಮೊಹರಂ ಹೇಗೆ ಆಗುತ್ತಿತ್ತು ಅಂತ ಕೇಳಿ. ನಮ್ಮ ಭಾಗದ ಎಷ್ಟೋ ಹಳ್ಳಿಗಳಲ್ಲಿ ಅಲಾಯಿ ದೇವರ ಹಬ್ಬ ಇಡೀ ಊರಿನದು. ಒಂದೂ ಮುಸ್ಲಿಂ ಮನೆ ಇಲ್ಲದ ಹಳ್ಳಿಗಳಲ್ಲೂ ಕೈ ಆಕಾರದ ಪಂಜಾ ಕೂರಿಸುತ್ತಾರೆ, ಕುಣಿ ತೋಡಿ ಬೆಂಕಿ ಹಾಕುತ್ತಾರೆ, ಹೆಜ್ಜೆ ಮೇಳ ಕಟ್ಟುತ್ತಾರೆ, ಮೊಹರಂನ ರಿವಾಯತ್ ಪದ ಹಾಡುತ್ತಾರೆ. ಚೊಂಗೆ ಅನ್ನುವ ಸಿಹಿ ತಿಂಡಿ ಮಾಡಿ ಹಂಚುತ್ತಾರೆ. ಮಗುವಿಗೆ ಹುಷಾರಿಲ್ಲದಾಗ ದರ್ಗಾದಲ್ಲಿ ಸಕ್ಕರೆ ಓದಿಸಿಕೊಂಡು ಬಂದ ನೆನಪು ಅವರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ತುಂಬಾ ಜನಕ್ಕೆ ಇರುತ್ತದೆ. "ಬೇರೆಯವರ ದೇವರು" ಅಂತ ಈಗ ಅನ್ನುತ್ತಿರುವ ಅವ್ವ, ಹತ್ತು ವರ್ಷದ ಹುಡುಗಿಯಾಗಿದ್ದಾಗ ಅದೇ ದೇವರ ಮುಂದೆ ಊದು ಹಾಕಿರಬಹುದು. ನಾನು ಕರೆದುಕೊಂಡು ಹೋದ ಹಿರಿಯರಲ್ಲಿ ಇದು ಮತ್ತೆ ಮತ್ತೆ ಆಗಿದೆ. ಕೇಳುವವರು ಇರಲಿಲ್ಲ, ಅದಕ್ಕೆ ಮರೆತಿದ್ದರು ಅಷ್ಟೇ.

ಈಗ ಜಾಗಗಳು. ನನ್ನನ್ನು ಕೇಳಿದರೆ ಮೊದಲ ದಿನ ಪೂರ್ತಿ ಲಕ್ಷ್ಮೇಶ್ವರಕ್ಕೆ ಕೊಡಿ. ಗದಗ ಜಿಲ್ಲೆಯ ಈ ಊರು ನಿಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದನ್ನು ನೋಡಿ ನನಗೆ ಸಂಕಟವೇ ಆಯಿತು. ಹಳೆಯ ಹೆಸರು ಪುಲಿಗೆರೆ. ಪಂಪ ತನ್ನ ಕಾವ್ಯದ ಭಾಷೆಯನ್ನು ಪುಲಿಗೆರೆಯ ತಿರುಳ್ಗನ್ನಡ, ಅಂದರೆ ಅಚ್ಚ ಕನ್ನಡ, ಅಂತ ಕರೆದುಕೊಂಡಿದ್ದು ಈ ಊರಿನ ಮಾತನ್ನೇ. ಇಲ್ಲಿ ಶಂಖ ಬಸದಿ ಇದೆ, ಸೋಮೇಶ್ವರ ಗುಡಿ ಇದೆ, ಆದಿಲ್ ಶಾಹಿ ಕಾಲದ ಜುಮ್ಮಾ ಮಸೀದಿ ಇದೆ, ಜನ ದೂದನಾನಾ ಅಂತ ಕರೆಯುವ ದರ್ಗಾ ಇದೆ. ಎಲ್ಲವೂ ಒಂದೇ ಊರಲ್ಲಿ.

ಬೆಳಿಗ್ಗೆ ಬಸದಿಯಿಂದ ಶುರು ಮಾಡಿ. ಶಂಖ ನೇಮಿನಾಥ ತೀರ್ಥಂಕರರ ಗುರುತು. ಹಾಗಾಗಿ ಆ ಹೆಸರು. ಬಾದಾಮಿ ಚಾಲುಕ್ಯರ ಕಾಲದಿಂದಲೂ ಹೆಸರಾದ ಜಾಗ ಇದು. ಒಳಗೆ ಸಹಸ್ರಕೂಟ ಅಂತ ಒಂದು ಕಲ್ಲಿದೆ. ಒಂದೇ ಕಲ್ಲಿನಲ್ಲಿ ಸಾಲು ಸಾಲಾಗಿ 1008 ಪುಟ್ಟ ಜಿನಬಿಂಬಗಳು. ಅದರ ಮುಂದೆ ಅವಸರ ಮಾಡಬೇಡಿ. ಒಂದು ಸಾಲನ್ನಾದರೂ ಎಣಿಸಿ. ನನ್ನ ಜೊತೆ ಬಂದ ಒಬ್ಬ ಹುಡುಗ ಅರ್ಧ ಗಂಟೆ ಎಣಿಸುತ್ತಾ ನಿಂತ. ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ ಶುರು ಮಾಡಿದ. ಕೊನೆಗೆ ಎಣಿಸುವುದು ಬಿಟ್ಟು ಸುಮ್ಮನೆ ನೋಡುತ್ತಾ ನಿಂತುಬಿಟ್ಟ. ಅದೇ ಅವನ ಪೂಜೆ ಆಯಿತು ಅಂತ ನನಗೆ ಅನಿಸಿತು.

ಬಸದಿಗೆ ಹೋಗುವಾಗ ಚರ್ಮದ ಬೆಲ್ಟು, ಪರ್ಸು, ಬ್ಯಾಗು ಎಲ್ಲ ಗಾಡಿಯಲ್ಲೇ ಬಿಟ್ಟು ಹೋಗಿ. ತಿನ್ನುವ ಸಾಮಾನು ಒಳಗೆ ಒಯ್ಯಬೇಡಿ. ಗರ್ಭಗುಡಿಯ ಒಳಗೆ ಕಾಲಿಡುವುದು ಸ್ನಾನ ಮಾಡಿ ಮಡಿ ಉಟ್ಟು ಪೂಜೆ ಮಾಡುವವರು ಮಾತ್ರ. ಹೊರಗೆ ನಿಂತು ನೋಡಲು ಯಾರ ಅಡ್ಡಿಯೂ ಇಲ್ಲ. ಮುನಿಗಳು ಇದ್ದರೆ ದೂರದಿಂದಲೇ ನಮಸ್ಕರಿಸಿ. ಹೆಣ್ಣುಮಕ್ಕಳು ಅವರನ್ನು ಮುಟ್ಟುವ ಹಾಗಿಲ್ಲ. ಮಳೆಗಾಲದ ನಾಲ್ಕು ತಿಂಗಳು ಚಾತುರ್ಮಾಸದಲ್ಲಿ ಅವರು ಒಂದೇ ಊರಲ್ಲಿ ನಿಲ್ಲುತ್ತಾರೆ, ಪ್ರವಚನ ಇರುತ್ತದೆ. ನಡೆದರೆ ಹುಳ ಹುಪ್ಪಟೆ ಸಾಯುತ್ತವೆ ಅನ್ನುವ ಕಾರಣಕ್ಕೆ ಊರಿಂದ ಊರಿಗೆ ಹೋಗುವುದನ್ನೇ ನಿಲ್ಲಿಸುವ ಸಾಧನೆ ಅದು. ನಿಮ್ಮ ಮಗಳಿಗೆ ಇದನ್ನು ಹೇಳಿ. ಇದು ಮನಸ್ಸಿಗೆ ಇಳಿದರೆ ಅವಳ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ.

ಆಮೇಲೆ ಸೋಮೇಶ್ವರ. ಇಲ್ಲಿ ಲಿಂಗದ ಬದಲು ನಂದಿಯ ಮೇಲೆ ಕೂತ ಶಿವ ಪಾರ್ವತಿಯರ ಮೂರ್ತಿ ಇದೆ. ಇಂಥದ್ದು ಅಪರೂಪ. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದ ಆದಯ್ಯ ಎಂಬ ಶರಣ ಸೋಮನಾಥನನ್ನು ಇಲ್ಲಿಗೆ ಕರೆತಂದ ಕಥೆ ಇದರದು. ಆ ಕಥೆಯನ್ನು ಪೂರ್ತಿ ಹೇಳಬೇಕು ಅಂತ ನನ್ನ ಆಸೆ, ಏಕೆಂದರೆ ಜನ ಅರ್ಧ ಹೇಳಿ ಬಿಡುತ್ತಾರೆ. ಆದಯ್ಯ ಮದುವೆಯಾದದ್ದು ಇದೇ ಊರಿನ ಜೈನರ ಮಗಳು ಪದ್ಮಾವತಿಯನ್ನು. ಮನೆಯಲ್ಲಿ ಶಿವಭಕ್ತರಿಗೆ ಆದ ಅವಮಾನದಿಂದ ಜಗಳ ಹುಟ್ಟಿತು. ಕೊನೆಗೆ ಬಸದಿಯಿದ್ದ ಜಾಗದಲ್ಲೇ ಸೋಮನಾಥ ನೆಲೆಸಿದ ಅಂತ ಕಥೆ ಹೇಳುತ್ತದೆ. ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲೂ ಏಕಾಂತದ ರಾಮಯ್ಯನ ಕಥೆ ಹೀಗೆಯೇ ಶೈವರ ಮತ್ತು ಜೈನರ ಜಗಳದ ಕಥೆ. ಅಲ್ಲಿನ ಗುಡಿಯ ಕಲ್ಲಿನ ಮೇಲೇ ಅದು ಉಳಿದಿದೆ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಎಲ್ಲ ಧರ್ಮದ ಯಾತ್ರೆ ಅಂದ ಕೂಡಲೇ ನಾವು ಸಿಹಿ ಮಾತು ಮಾತ್ರ ಆರಿಸಿಕೊಳ್ಳುತ್ತೇವೆ. ಒಟ್ಟಿಗೆ ಬಾಳಿದ ಊರು ಅಂದರೆ ಜಗಳವೇ ಆಗದ ಊರು ಅಂತಲ್ಲ. ಲಕ್ಷ್ಮೇಶ್ವರದಲ್ಲಿ ಜಗಳ ಆಗಿದೆ. ಆದರೂ ಇವತ್ತು ಬಸದಿಯಲ್ಲಿ ಅಭಿಷೇಕ ನಡೆಯುತ್ತದೆ, ಸೋಮೇಶ್ವರನಿಗೆ ಆರತಿ ಆಗುತ್ತದೆ, ಮಸೀದಿಯಲ್ಲಿ ಆಜಾನ್ ಕೂಗುತ್ತಾರೆ. ನನಗೆ ಈ ಊರಿನ ಮೇಲೆ ಪ್ರೀತಿ ಇರುವುದು ಅದಕ್ಕೇ.

ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮಸೀದಿಯ ಕಡೆ ಹೋಗಿ. ಶುಕ್ರವಾರ ಮಧ್ಯಾಹ್ನ ಬೇಡ, ಅದು ಅವರಿಗೆ ವಾರದ ದೊಡ್ಡ ಪ್ರಾರ್ಥನೆ. ಹೊರಗೆ ಇರುವವರನ್ನು "ನೋಡಬಹುದೇನ್ರೀ?" ಅಂತ ಕೇಳಿ. ಹೆಣ್ಣುಮಕ್ಕಳು ಒಳಗೆ ಹೋಗುವ ರೂಢಿ ಒಂದೊಂದು ಮಸೀದಿಯಲ್ಲಿ ಒಂದೊಂದು ತರಹ. ಬೇಡ ಅಂದರೆ ಅಂಗಳದಲ್ಲೇ ನಿಂತು ನೋಡಿ. ದರ್ಗಾದಲ್ಲಿ ಇಷ್ಟು ಬಿಗಿ ಇಲ್ಲ. ತಲೆಯ ಮೇಲೆ ಸೆರಗು, ಗಂಡಸರಿದ್ದರೆ ಕರ್ಚೀಫು. ಹೊರಗೆ ಹೂವಿನ ಚಾದರ, ಊದಿನಕಡ್ಡಿ, ಸಕ್ಕರೆ ಮಾರುತ್ತಾರೆ. ಸಕ್ಕರೆ ಒಂದು ಪುಡಿಕೆ ತೆಗೆದುಕೊಂಡರೆ ಸಾಕು. ಮುಜಾವರರು ಓದಿ ಕೊಡುತ್ತಾರೆ, ನವಿಲುಗರಿಯ ಕಟ್ಟನ್ನು ತಲೆಗೆ ಸೋಕಿಸುತ್ತಾರೆ. ಗೋರಿಗೆ ಬೆನ್ನು ತೋರಿಸದೆ ಹಿಂದಕ್ಕೆ ಹೆಜ್ಜೆ ಇಡುತ್ತಾ ಹೊರಗೆ ಬನ್ನಿ. ಕೆಲವು ದರ್ಗಾಗಳಲ್ಲಿ ಹೆಂಗಸರು ಗುಮ್ಮಟದ ಹೊಸಲಲ್ಲೇ ನಿಲ್ಲಬೇಕು. ಅದಕ್ಕೆ ಸಿಟ್ಟು ಬೇಡ. ನಮ್ಮಲ್ಲೂ ಎಷ್ಟು ಗುಡಿಗಳಲ್ಲಿ ಎಂಥೆಂಥ ಹೊಸಲುಗಳಿವೆ ಅಂತ ನಿಮ್ಮ ಮಗಳು ಕೇಳಿದರೆ ಆ ಪ್ರಶ್ನೆಯನ್ನು ಮಾತ್ರ ತಡೆಯಬೇಡಿ.

ಲಕ್ಷ್ಮೇಶ್ವರದಿಂದ ಶಿರಹಟ್ಟಿ ಹತ್ತಿರ. ಸಂಜೆ ಅಲ್ಲಿನ ಫಕೀರೇಶ್ವರ ಮಠಕ್ಕೆ ಹೋಗಿ. ಹೆಸರನ್ನು ಒಂದು ಸಲ ಬಿಡಿಸಿ ನೋಡಿ. ಫಕೀರ, ಈಶ್ವರ. ಎರಡೂ ಒಂದೇ ಹೆಸರಲ್ಲಿ ಕೂಡಿಕೊಂಡಿವೆ. ಮಕ್ಕಳಿಲ್ಲದ ದಂಪತಿಗೆ ವಿಜಯಪುರದ ಸೂಫಿ ಸಂತ ಖಾಜಾ ಅಮೀನುದ್ದೀನರ ಹಾರೈಕೆಯಿಂದ ಮಗು ಹುಟ್ಟಿತು, ಆ ಮಗುವೇ ಮುಂದೆ ಫಕೀರ ಚನ್ನವೀರ ಸ್ವಾಮಿ ಆದರು ಅನ್ನುವುದು ಮಠದ ಕಥೆ. ಮಠದ ಕಟ್ಟಡದಲ್ಲೂ ಎರಡೂ ಕಡೆಯ ಶೈಲಿ ಕೂಡಿದೆ. "ದ್ವೇಷ ಬಿಡು, ಪ್ರೀತಿ ಮಾಡು" ಅನ್ನುವುದು ಈ ಮಠದ ಮಾತು. ಬೇರೆ ಕಡೆ ಈ ಮಾತನ್ನು ಭಾಷಣದಲ್ಲಿ ಕೇಳಿದರೆ ಅಷ್ಟು ನಾಟುವುದಿಲ್ಲ. ಇಲ್ಲಿ, ಬೇರೆ ಬೇರೆ ಜಾತಿಯ ಜನ ಒಂದೇ ಗದ್ದುಗೆಯ ಮುಂದೆ ಕೂತಿರುವಾಗ, ಬೇರೆಯೇ ಅನಿಸುತ್ತದೆ.

ಎರಡನೇ ದಿನ ಶಿಶುನಾಳ. ಹಾವೇರಿ ಜಿಲ್ಲೆ, ಶಿಗ್ಗಾವಿ ತಾಲ್ಲೂಕು. ಇದು ನಿಮ್ಮ ಪಟ್ಟಿಯಲ್ಲಿದೆ, ಆದರೆ ನೀವು ಒಂದು ಗಂಟೆ ಇಟ್ಟಿದ್ದೀರಿ. ಅರ್ಧ ದಿನವಾದರೂ ಬೇಕು.

ತತ್ವಪದಗಳನ್ನು ಕಟ್ಟಿದ ಸಂತ ಷರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡದ್ದು 1889ರಲ್ಲಿ. ಅವರ ತಂದೆ ತಾಯಿ ಹುಲಗೂರಿನ ಖಾದರ ಶಾವಲಿ ದರ್ಗಾದಲ್ಲಿ ಬೇಡಿಕೊಂಡು ಹೆತ್ತ ಮಗ ಅಂತ ಹೇಳುತ್ತಾರೆ. ಆ ಕಾಲದ ಶಾಲೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿ ಕೆಲವು ಕಾಲ ಹಳ್ಳಿಗಳಲ್ಲಿ ಮಾಸ್ತರಿಕೆ ಮಾಡಿದರು. ಅವರಿಗೆ ಗುರು ಸಿಕ್ಕಿದ್ದು ಕುಂದಗೋಳ ತಾಲ್ಲೂಕಿನ ಕಳಸದಲ್ಲಿ. ಗೋವಿಂದ ಭಟ್ಟರು ಅಂತ, ಬ್ರಾಹ್ಮಣರು. ಮುಸ್ಲಿಂ ಹುಡುಗನನ್ನು ಶಿಷ್ಯನಾಗಿ ಇಟ್ಟುಕೊಂಡದ್ದಕ್ಕೆ ಎರಡೂ ಕಡೆಯವರು ತಕರಾರು ಮಾಡಿದರು. ಗುರು ಬಿಡಲಿಲ್ಲ. ತಮ್ಮ ಕೈಯಾರೆ ಜನಿವಾರ ಹಾಕಿದರು ಅಂತ ಕಥೆ.

ಇಲ್ಲಿ ನಿಮ್ಮ ಅವ್ವ ಗಮನಿಸಬೇಕಾದದ್ದು ಒಂದಿದೆ. ಷರೀಫ ತಮ್ಮ ಹೆಸರು ಬದಲಿಸಲಿಲ್ಲ. ತಮ್ಮ ಪದಗಳ ಕೊನೆಗೆ ಹಾಕಿದ ಅಂಕಿತ ಶಿಶುನಾಳಧೀಶ, ಅಂದರೆ ಊರ ದೇವರು. ಮಸೀದಿ, ಅಲಾಯಿ ಕುಣಿಯ ಮೇಲೂ ಪದ ಕಟ್ಟಿದರು, ಶಿವನ ಮೇಲೂ ಕಟ್ಟಿದರು, ದೇವಿಯ ಮೇಲೂ ಕಟ್ಟಿದರು. ನವಲಗುಂದದ ನಾಗಲಿಂಗ ಸ್ವಾಮಿಗಳು, ಗರಗದ ಮಡಿವಾಳಪ್ಪ, ಹುಬ್ಬಳ್ಳಿಯ ಸಿದ್ಧಾರೂಢರು ಎಲ್ಲರೂ ಅವರ ಕಾಲದವರೇ. ನಮ್ಮ ಈ ಸಣ್ಣ ಸೀಮೆಯಲ್ಲಿ ಒಂದೇ ಕಾಲಕ್ಕೆ ಅಷ್ಟು ಜನ ಓಡಾಡುತ್ತಿದ್ದರು ಅಂತ ನೆನೆದರೆ ಮೈ ಜುಮ್ ಅನ್ನುತ್ತದೆ.

ಗದ್ದುಗೆಯ ಹತ್ತಿರ ಒಂದು ಕಡೆ ಕೂತು ಬರುವವರನ್ನು ನೋಡಿ. ನಾನು ಒಂದು ಸಲ ಕಂಡದ್ದು: ಒಬ್ಬ ಅಜ್ಜಿ ಕಾಯಿ ಒಡೆಸಿದಳು, ಕುಂಕುಮ ಹಚ್ಚಿಕೊಂಡಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಸಕ್ಕರೆ ತೆಗೆದು ಓದಿಸಿಕೊಂಡಳು. ಅವಳಿಗೆ ಅದರಲ್ಲಿ ಎರಡು ಧರ್ಮ ಕಾಣಲೇ ಇಲ್ಲ. ಷರೀಫಜ್ಜನಿಗೆ ಎರಡೂ ಇಷ್ಟ, ಅಷ್ಟೇ. ತತ್ವಪದ ಹಾಡುವವರು ಯಾರಾದರೂ ಏಕತಾರಿ ಹಿಡಿದು ಬಂದಿದ್ದರೆ ನಿಮ್ಮ ಪುಣ್ಯ. ಒಂದು ಪದ ಹಾಡಿ ಅಂತ ಕೇಳಿಕೊಳ್ಳಿ, ಪೂರ್ತಿ ಕೇಳಿ, ಕೈಲಾದಷ್ಟು ಕೊಡಿ. ಫೋನಿನಲ್ಲಿ ರೆಕಾರ್ಡ್ ಮಾಡಬೇಕಾದರೆ ಮೊದಲು ಕೇಳಿ ಮಾಡಿ.

ಅದೇ ದಿನ ಟೈಮ್ ಉಳಿದರೆ ಬಂಕಾಪುರದ ಕೋಟೆಗೆ ಹೋಗಬಹುದು. ಗಂಗರ ರಾಜ ಮಾರಸಿಂಹ ಅಜಿತಸೇನ ಆಚಾರ್ಯರ ಹತ್ತಿರ ಸಲ್ಲೇಖನ, ಅಂದರೆ ಅನ್ನ ನೀರು ಬಿಡುವ ಜೈನರ ವ್ರತ, ಹಿಡಿದು ದೇಹ ಬಿಟ್ಟ ಊರು ಅದು. ಈಗ ಕೋಟೆಯ ಒಳಗೆ ನಗರೇಶ್ವರ ಗುಡಿ ಇದೆ, ತುಂಬಾ ನವಿಲುಗಳಿವೆ. ಸವಣೂರನ್ನೂ ಕಾಗಿನೆಲೆಯನ್ನೂ ಈ ಸಲ ಬಿಡಿ. ಕನಕದಾಸರಿಗೆ ಒಂದು ದಿನ ಬೇರೆಯೇ ಬೇಕು.

ಮೂರನೇ ದಿನ ಗದಗ ಕಡೆ. ನಿಮ್ಮ ಪಟ್ಟಿಯಲ್ಲಿ ಇಲ್ಲೇ ಐದು ಜಾಗ ಇವೆ. ಮೂರು ಸಾಕು. ತ್ರಿಕೂಟೇಶ್ವರದಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗಗಳಿವೆ. ಬ್ರಹ್ಮ, ವಿಷ್ಣು, ಮಹೇಶ್ವರ ಅಂತ ಪೂಜೆ. ಹತ್ತಿರದಲ್ಲೇ ವೀರನಾರಾಯಣ. ಕುಮಾರವ್ಯಾಸ ಕೂತು ಭಾರತ ಬರೆದ ಅಂತ ಜನ ನಂಬುವ ಕಂಬ ಅಲ್ಲೇ ಇದೆ. ಅದಕ್ಕೆ ಬೆನ್ನು ಕೊಟ್ಟು ಫೋಟೋ ಬೇಡ, ಅದರ ಎದುರು ಕೂತು ನಿಮಗೆ ಬರುವ ಒಂದು ಪದ್ಯ ಓದಿ.

ಲಕ್ಕುಂಡಿ ಗದಗಿನಿಂದ ಸುಮಾರು 12 ಕಿಲೋಮೀಟರ್. ಅಲ್ಲಿನ ಬ್ರಹ್ಮ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದವಳು ಅತ್ತಿಮಬ್ಬೆ. ಗಂಡ ಯುದ್ಧದಲ್ಲಿ ತೀರಿಕೊಂಡ ಮೇಲೆ ಅವಳು ಉಳಿದ ಬದುಕನ್ನೆಲ್ಲ ದಾನಕ್ಕೆ ಕೊಟ್ಟಳು. ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಮಾಡಿಸಿ ಹಂಚಿದಳು. ಪ್ರೆಸ್ಸು ಇಲ್ಲದ ಕಾಲ ಅದು. ಒಂದೊಂದು ಓಲೆಯನ್ನೂ ಕಂಟ ಅನ್ನುವ ಚೂಪು ಕಡ್ಡಿಯಲ್ಲಿ ಕೊರೆಯಬೇಕು. ನಿಮ್ಮ ಮಗಳು ಕಾಲೇಜಿಗೆ ಹೋಗುವವಳು ಅಂದಿರಿ. ಅತ್ತಿಮಬ್ಬೆಯ ಕಥೆಯನ್ನು ಬಸದಿಯ ಅಂಗಳದಲ್ಲೇ ಕೂತು ಹೇಳಿ. ಒಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಇದೆ. ಜೈನ ಬಸದಿಯಲ್ಲಿ ಬ್ರಹ್ಮನನ್ನು ಕಂಡು ಅವ್ವ ಖಂಡಿತ ಆಶ್ಚರ್ಯ ಪಡುತ್ತಾರೆ.

ಲಕ್ಕುಂಡಿಯ ಬಾವಿಗಳನ್ನು ಮರೆಯಬೇಡಿ. ಮುಸುಕಿನ ಬಾವಿಯ ಮೆಟ್ಟಿಲು ಕಡಿದಾಗಿವೆ, ಅವ್ವ ಮೇಲೆಯೇ ನಿಂತು ನೋಡಲಿ. ನೀರಿನ ಸುತ್ತ ಪುಟ್ಟ ಪುಟ್ಟ ಗುಡಿಗಳನ್ನು ಕಟ್ಟಿದ ಜನ ನೀರನ್ನು ಹೇಗೆ ಕಾಣುತ್ತಿದ್ದರು ಅಂತ ಅಲ್ಲಿ ಗೊತ್ತಾಗುತ್ತದೆ.

ಅಲ್ಲಿಂದ ಡಂಬಳ. ದೊಡ್ಡಬಸಪ್ಪನ ಗುಡಿಯ ಗೋಡೆ ನಕ್ಷತ್ರದ ಹಾಗೆ ಮಡಿಕೆ ಮಡಿಕೆಯಾಗಿ ಸುತ್ತುತ್ತದೆ. ಅದನ್ನು ನೋಡಲು ಎಲ್ಲರೂ ಹೋಗುತ್ತಾರೆ. ನಾನು ಡಂಬಳಕ್ಕೆ ಹೋಗುವುದು ಕಣ್ಣಿಗೆ ಕಾಣದ ಇನ್ನೊಂದಕ್ಕೆ. 1095ರ ಒಂದು ಶಾಸನದ ಪ್ರಕಾರ ಈ ಊರಿನ 16 ಜನ ಶೆಟ್ಟರು ಸೇರಿ ಬೌದ್ಧ ವಿಹಾರ ಕಟ್ಟಿಸಿದ್ದರು, ತಾರಾದೇವಿಯ ಪೂಜೆ ನಡೆಯುತ್ತಿತ್ತು. ಲಕ್ಕುಂಡಿಯ ಒಬ್ಬ ಶೆಟ್ಟರು ಕಟ್ಟಿಸಿದ ಇನ್ನೊಂದು ವಿಹಾರವೂ ಇತ್ತು. ಒಂಬೈನೂರು ವರ್ಷದ ಹಿಂದೆ, ನಮ್ಮ ಗದಗ ಸೀಮೆಯಲ್ಲಿ, ವ್ಯಾಪಾರಸ್ಥರು ಬುದ್ಧನಿಗೆ ಮನೆ ಕಟ್ಟಿದ್ದರು! ಇದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಈಗ ಅದೇ ಡಂಬಳದಲ್ಲಿ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆ ಆಗುತ್ತದೆ. ಜಾತಿ ಧರ್ಮ ನೋಡದೆ ಸಾಲಾಗಿ ಕೂತು ಖಡಕ್ ರೊಟ್ಟಿ, ಭಜ್ಜಿ ಉಣ್ಣುತ್ತಾರೆ. ಜಾತ್ರೆಯ ದಿನಕ್ಕೆ ಹೋಗಲು ಸಾಧ್ಯವಾದರೆ ಉಳಿದದ್ದೆಲ್ಲ ಬಿಟ್ಟು ಅದಕ್ಕೆ ಹೋಗಿ.

ಡಂಬಳದಲ್ಲಿ ಮರೆಯಾದ ಬುದ್ಧ ನಮ್ಮ ಹತ್ತಿರಕ್ಕೆ ಮತ್ತೆ ಬಂದದ್ದು ಮುಂಡಗೋಡಿಗೆ. ಅದು ಉತ್ತರ ಕನ್ನಡ ಜಿಲ್ಲೆ ನಿಜ, ನೀವು ಹಾಕಿಕೊಂಡ ಗಡಿಯ ಆಚೆ. ಆದರೆ ಹುಬ್ಬಳ್ಳಿಯಿಂದ ಒಂದೂವರೆ ಗಂಟೆ ದಾರಿ, ಅದನ್ನು ಬಿಡಬೇಡಿ. 1959ರಲ್ಲಿ ಟಿಬೆಟ್ ಬಿಟ್ಟು ಬಂದವರಿಗೆ 1966ರಲ್ಲಿ ಅಲ್ಲಿ ನೆಲೆ ಸಿಕ್ಕಿತು. ಗಾದೆನ್, ದ್ರೆಪುಂಗ್ ಎಂಬ ಅವರ ದೊಡ್ಡ ಮಠಗಳು ಅಲ್ಲಿ ಮತ್ತೆ ಎದ್ದವು. ಮನೆ ಕಳೆದುಕೊಂಡವರು ಮೊದಲು ಕಟ್ಟಿಕೊಂಡದ್ದರಲ್ಲಿ ಮಠವೂ ಇತ್ತು ಅನ್ನುವುದನ್ನು ಮಗಳ ಜೊತೆ ಮಾತಾಡಿ. ಪ್ರಾರ್ಥನಾ ಚಕ್ರವನ್ನು ನಮ್ಮ ಪ್ರದಕ್ಷಿಣೆಯ ದಿಕ್ಕಿಗೇ ತಿರುಗಿಸಬೇಕು. ಅವ್ವನಿಗೆ ಅದು ಹೇಳಿಕೊಡದೆ ಬರುತ್ತದೆ. ಸನ್ಯಾಸಿಗಳು ಮಧ್ಯಾಹ್ನ ಅಥವಾ ಸಂಜೆ ಅಂಗಳದಲ್ಲಿ ಚಪ್ಪಾಳೆ ತಟ್ಟುತ್ತಾ ತತ್ವದ ವಾದ ಮಾಡುವುದು ನೋಡಲು ಸಿಕ್ಕರೆ ದೂರದಲ್ಲಿ ಕೂತು ನೋಡಿ. ಒಂದು ಧರ್ಮ ತನ್ನನ್ನೇ ಹೀಗೆ ದಿನಾ ಪ್ರಶ್ನೆ ಕೇಳಿಕೊಳ್ಳುವುದು ನೋಡಬೇಕಾದ ವಿಷಯ. ಮುಂಡಗೋಡನ್ನು ಇನ್ನೊಂದು ಶನಿವಾರಕ್ಕೆ ಇಟ್ಟುಕೊಳ್ಳಿ, ಈ ನಾಲ್ಕು ದಿನದಲ್ಲಿ ತುರುಕಬೇಡಿ.

ನಾಲ್ಕನೇ ದಿನ ಭಾನುವಾರ ಬರುವ ಹಾಗೆ ಲೆಕ್ಕ ಹಾಕಿ. ಬೆಳಿಗ್ಗೆ ಧಾರವಾಡದ ಹೆಬಿಕ್ ಸ್ಮಾರಕ ಚರ್ಚಿಗೆ ಹೋಗಿ. ಬಾಸೆಲ್ ಮಿಶನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಕನ್ನಡ ನಿಘಂಟಿನ ಕಿಟೆಲ್ 1853ರಲ್ಲಿ ಬಂದು ಮೊದಲು ಕನ್ನಡ ಕಲಿತದ್ದೂ ಈ ಕಡೆಯೇ. ಅವರು 1862ರಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಬರೆದರು. ಚರ್ಚಿನಲ್ಲಿ ಏನಿರುತ್ತದೋ ಅಂತ ಅವ್ವ ಹೆದರುವುದು ಬೇಡ. ಆರಾಧನೆ, ಹಾಡು ಎಲ್ಲ ಕನ್ನಡದಲ್ಲೇ ಕೇಳಲು ಸಿಗುತ್ತದೆ. ಹಿಂದಿನ ಸಾಲಿನಲ್ಲಿ ಕೂರಿ. ಅವರು ಎದ್ದಾಗ ಏಳಿ, ಕೂತಾಗ ಕೂರಿ. ಹಾಡಿನ ಪುಸ್ತಕ ಯಾರಾದರೂ ಕೊಟ್ಟರೆ ತೆಗೆದುಕೊಳ್ಳಿ. ರೊಟ್ಟಿ, ದ್ರಾಕ್ಷಾರಸ ಕೊಡುವ ಭೋಜನ ಮಾತ್ರ ಸಭೆಗೆ ಸೇರಿದವರದು. ಆಗ ಎದ್ದು ಹೋಗಬೇಡಿ, ಕೂತಲ್ಲೇ ಸುಮ್ಮನಿರಿ. ಕೊಟ್ಟದ್ದನ್ನು ತೆಗೆದುಕೊಳ್ಳಬೇಕು ಅಂತ ಮೊದಲು ಹೇಳಿದೆ. ಇದೊಂದು ಕಡೆ ತೆಗೆದುಕೊಳ್ಳದೆ ಇರುವುದೇ ಮರ್ಯಾದೆ.

ಸಂಜೆ ಮನೆಗೆ ಮರಳುವ ದಾರಿಯಲ್ಲಿ ಸಿದ್ಧಾರೂಢ ಮಠ. ಹುಬ್ಬಳ್ಳಿಯವರಿಗೆ ನಾನೇನು ಹೇಳಲಿ? ಹತ್ತಾರು ಸಲ ಹೋಗಿರುತ್ತೀರಿ. ಆದರೆ ನಾಲ್ಕು ದಿನದ ಕೊನೆಗೆ ಹೋದಾಗ ನಿಮ್ಮ ಸ್ವಂತ ಮಠವೂ ಬೇರೆ ತರಹ ಕಾಣುತ್ತದೆ. ಅದನ್ನು ನನ್ನ ಮಾತಿನ ಮೇಲೆ ನಂಬಿ. ದಾಸೋಹದಲ್ಲಿ ಕೂತು ಉಂಡು ಬನ್ನಿ.

ಯಮನೂರು ಹೇಳಲಿಲ್ಲ ಅಂತ ನೀವು ಕೇಳಬಹುದು. ನವಲಗುಂದ ತಾಲ್ಲೂಕಿನ ಆ ಊರಿನಲ್ಲಿ ಒಬ್ಬರೇ ಸಂತರಿಗೆ ಹಿಂದೂಗಳು ಚಾಂಗದೇವ ಅಂತಾರೆ, ಮುಸ್ಲಿಮರು ರಾಜಾಬಾಗ ಸವಾರ ಅಂತಾರೆ. ಬೆಣ್ಣೆಹಳ್ಳದ ನೀರಿನಿಂದ ದೀಪ ಉರಿಯುತ್ತದೆ ಅನ್ನುವ ನಂಬಿಕೆ ಅಲ್ಲಿನದು. ಹೋಳಿ ಹುಣ್ಣಿಮೆ ಆದ ಮೇಲೆ ಜಾತ್ರೆ. ಅಲ್ಲಿಗೆ ಜಾತ್ರೆಯಲ್ಲೇ ಹೋಗಬೇಕು, ಆದರೆ ಆ ಗದ್ದಲ, ಬಿಸಿಲು 72ರ ಹಿರಿಯರಿಗೆ ಕಷ್ಟ. ನೀವೂ ಮಗಳೂ ಬೇರೆ ಹೋಗಿ ಬನ್ನಿ.

ಇನ್ನು ದುಡ್ಡಿನ ಮಾತು. ಎಲ್ಲ ಧರ್ಮದ ಜಾಗಗಳಲ್ಲೂ "ಇಷ್ಟು ಕೊಟ್ಟರೆ ವಿಶೇಷ ಪೂಜೆ" ಅನ್ನುವವರು ಒಬ್ಬಿಬ್ಬರು ಸಿಗುತ್ತಾರೆ. ಹುಂಡಿಗೆ ಹಾಕಿ, ಅಥವಾ ರಸೀದಿ ಕೇಳಿ. ಕಸ ಗುಡಿಸುವವರಿಗೆ, ಚಪ್ಪಲಿ ಕಾಯುವವರಿಗೆ ಕೈಬಿಟ್ಟು ಕೊಡಿ. ಪ್ರಾರ್ಥನೆಯಲ್ಲಿ ಇರುವವರ ಫೋಟೋ ಯಾವತ್ತೂ ಬೇಡ. ನಿಮ್ಮ ಮಗಳ ಅನುಮಾನ ಸರಿಯಾಗಿದೆ. ಅವಳಿಗೆ ಒಂದು ಕೆಲಸ ಕೊಡಿ. ಫೋನು ಬ್ಯಾಗಿನಲ್ಲಿರಲಿ, ಒಂದು ನೋಟ್‌ಬುಕ್ ಕೊಡಿ. ಪ್ರತಿ ಜಾಗದಲ್ಲೂ ಅಲ್ಲಿಯ ಒಬ್ಬರನ್ನು ಮಾತಾಡಿಸಿ, ಅವರು ಇಲ್ಲಿಗೆ ಯಾಕೆ ಬರುತ್ತಾರೆ ಅಂತ ಕೇಳಿ ಬರೆದುಕೊಳ್ಳಲಿ. ಉತ್ತರ ದೊಡ್ಡದಾಗಿ ಇರುವುದಿಲ್ಲ. "ಮಗನಿಗೆ ನೌಕರಿ ಸಿಗಲಿ ಅಂತ", "ಮನಸ್ಸಿಗೆ ಸಮಾಧಾನ ಆಗ್ತದ ಅಂತ", "ನಮ್ಮ ಅವ್ವ ಬರ್ತಿದ್ದಳು ಅಂತ". ಬಸದಿಯಲ್ಲೂ ದರ್ಗಾದಲ್ಲೂ ಚರ್ಚಿನಲ್ಲೂ ಇವೇ ಉತ್ತರ ಬಂದಾಗ ಅವಳಿಗೇ ಏನೋ ಹೊಳೆಯುತ್ತದೆ. ನೀವು ಬಾಯಿ ಬಿಟ್ಟು ಹೇಳುವುದು ಬೇಕಾಗಿಲ್ಲ.

ಕೊನೆಗೆ ಊಟ ತಿಂಡಿ. ಬುತ್ತಿ ಕಟ್ಟಿಕೊಂಡೇ ಹೋಗಿ, ಹಳ್ಳಿಗಳಲ್ಲಿ ಹೋಟೆಲ್ ಸಿಗುವುದು ಕಷ್ಟ. ಲಕ್ಷ್ಮೇಶ್ವರದ ದಿನ ಬುತ್ತಿಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೇಡ. ಬಸದಿಯ ಕಟ್ಟೆಯ ಹತ್ತಿರ ಕೂತು ಉಣ್ಣುವ ಹಾಗಾದರೆ ಅಲ್ಲಿಯವರಿಗೆ ಮುಜುಗರ ಆಗಬಾರದು. ನವೆಂಬರ್‌ನಿಂದ ಫೆಬ್ರವರಿ ತನಕ ಬಿಸಿಲು ತಡೆಯಬಹುದು, ಆಮೇಲೆ ಗದಗ ಕಡೆಯ ಕಲ್ಲಿನ ಅಂಗಳದಲ್ಲಿ ಬರಿಗಾಲು ಸುಡುತ್ತದೆ. ಅವ್ವನಿಗೆ ಒಂದು ಜೊತೆ ಹತ್ತಿಯ ಕಾಲುಚೀಲ ಇಟ್ಟುಕೊಳ್ಳಿ. ಜೊತೆಗೆ ಒಂದು ಖಾಲಿ ಡಬ್ಬಿಯೂ ಇರಲಿ. ಸಕ್ಕರೆ, ಕಾಯಿಚೂರು, ಬೆಲ್ಲ, ಬಾಳೆಹಣ್ಣು ಅಂತ ಎಲ್ಲ ಕಡೆಯೂ ಏನಾದರೂ ಕೊಡುತ್ತಾರೆ. ಕೊಟ್ಟದ್ದನ್ನೆಲ್ಲ ಅವ್ವ ಒಂದೇ ಡಬ್ಬಿಗೆ ಹಾಕಿಕೊಂಡು ಬರಲಿ, ಮನೆಗೆ ಬಂದು ಓಣಿಯವರಿಗೆ ಹಂಚಲಿ.